ಹೆಲೆನ್ ಮುಖ ನೋಡಿದ್ದೀರಾ?

ಕೇಳುಗರೇ, ನಮಸ್ಕಾರ.

ಹಿಂದಿ ಸಿನಿಮಾ ಡಾನ್ಸ್ ಬಗ್ಗೆ ಐದು ನಿಮಿಷ ಮಾತಾಡಿ ಅಂತ ರೇಡಿಯೋದವರು ಕರೆದಿದ್ದಾರೆ. ನಾನು ಭರತನಾಟ್ಯ ಕಲಿಸುವವಳು, ಹಾಗಾಗಿ ಭರತನಾಟ್ಯ ಕಲಿತ ನಟಿ ವೈಜಯಂತಿಮಾಲಾ ಬಗ್ಗೆ ಮಾತಾಡುತ್ತೇನೆ ಅಂತ ಇವರು ಅಂದುಕೊಂಡಿದ್ದರು. ನಾನು ಹೆಲೆನ್ ಅಂದೆ. "ಅಯ್ಯೋ, ಆ ಕ್ಯಾಬರೆಯವಳಾ?" ಅಂತ ಯಾರೋ ಸೌಟು ಹಿಡಿದುಕೊಂಡೇ ಮೂಗು ಮುರಿದಿರುತ್ತೀರಿ. ಪರವಾಗಿಲ್ಲ. ನಾನು ಹೇಳುವುದು ಒಂದೇ ಮಾತು: ಹೆಲೆನ್ ಕುಣಿಯುವಾಗ ಮುಖ ನೋಡಿ.

ಹುಟ್ಟಿದ್ದು 1938ರಲ್ಲಿ, ಬರ್ಮಾದ ರಂಗೂನಿನಲ್ಲಿ. ಯುದ್ಧದ ಕಾಲದಲ್ಲಿ ತಾಯಿಯ ಜೊತೆ ಕಾಡುಮೇಡು ದಾಟಿ ನಡೆದೇ ಅಸ್ಸಾಂ ಸೇರಿದ ಮಗು ಅದು. ಮುಂಬೈಗೆ ಬಂದ ಮೇಲೆ ತಾಯಿ ನರ್ಸ್ ಕೆಲಸ ಮಾಡಿದರು, ಆ ಸಂಬಳ ಸಾಲುತ್ತಿರಲಿಲ್ಲ. ಆಗ ಕುಕೂ ಅನ್ನುವ ಹೆಸರಾಂತ ನರ್ತಕಿ ಈ ಹುಡುಗಿಯನ್ನು ಸಿನಿಮಾದ ಗುಂಪು ನೃತ್ಯಕ್ಕೆ ಸೇರಿಸಿದಳು. 1958ರಲ್ಲಿ ಹೌರಾ ಬ್ರಿಜ್ ಬಂತು. ಗೀತಾ ದತ್ ದನಿಯಲ್ಲಿ 'ಮೇರಾ ನಾಮ್ ಚಿನ್ ಚಿನ್ ಚೂ'. ಆಗ ಹೆಲೆನ್‌ಗೆ 19 ವರ್ಷ. ಅಲ್ಲಿಂದ ಮುಂದೆ ಇಪ್ಪತ್ತು ವರ್ಷ ಪುರುಸೊತ್ತೇ ಇಲ್ಲ.

ಈಗ ನಮ್ಮ ಕ್ಲಾಸಿನ ಕತೆ ಹೇಳಲೇಬೇಕು. ನನ್ನ ಹತ್ತಿರ ಪಿಯುಸಿ ಓದುವ ಏಳೆಂಟು ಹುಡುಗಿಯರಿದ್ದರು. ಅರೆಮಂಡಿ, ಅಂದರೆ ಮಂಡಿ ಬಗ್ಗಿಸಿ ಅರ್ಧ ಕೂತ ಹಾಗೆ ನಿಲ್ಲುವ ಭಂಗಿ, ಚೆನ್ನಾಗಿತ್ತು, ತಾಳ ಬಿಡುತ್ತಿರಲಿಲ್ಲ, ಆದರೆ ಮುಖ ಮಾತ್ರ ರೇಷನ್ ಅಂಗಡಿ ಕ್ಯೂನಲ್ಲಿ ನಿಂತವರ ಹಾಗೆ. ಕೈ ಹೋದ ಕಡೆ ಕಣ್ಣು ಹೋಗಬೇಕು ಅಂತ ಎಷ್ಟು ಸಲ ಹೇಳುವುದು? ಒಂದು ದಿನ ರೇಗಿಹೋಗಿ ಟಿವಿಯ ಅರ್ಧಕ್ಕೆ, ಕೆಳಗಿನ ಅರ್ಧಕ್ಕೆ, ನ್ಯೂಸ್‌ಪೇಪರ್ ಅಂಟಿಸಿ, 1971ರ ಕಾರವಾನ್ ಸಿನಿಮಾದ 'ಪಿಯಾ ತೂ' ಹಾಡು ಹಾಕಿದೆ. ಬರೀ ಮುಖ ಕಾಣಬೇಕು, ಸೊಂಟ ಕಾಣಬಾರದು. ದೂರದ ಶಾಟ್ ಬಂದಾಗ ಪೇಪರ್ ಹಿಂದೆ ಪೂರ್ತಿ ಮಾಯ, ಹುಡುಗಿಯರು ನಗು. ಅಷ್ಟರಲ್ಲಿ ಮಗಳನ್ನು ಕರೆದುಕೊಂಡು ಹೋಗಲು ಬಂದ ಒಬ್ಬ ತಾಯಿ ಬಾಗಿಲಲ್ಲೇ ನಿಂತು, "ಏನ್ ಮೇಡಂ, ಇದನ್ನೆಲ್ಲಾ ಹೇಳಿಕೊಡ್ತೀರಾ?" ಅಂದರು. ಕೂತ್ಕೊಳ್ಳಿ ಅಂದೆ. ಕೂತರು, ಚೀಲ ಮಡಿಲಲ್ಲೇ. ಎರಡನೇ ಸಲ ಹಾಕಿದಾಗ ಯಾರೂ ನಗಲಿಲ್ಲ. ಹಿಂದಿ ಒಂದಕ್ಷರ ಬಾರದ ಹುಡುಗಿಯೊಬ್ಬಳು ಮೆಲ್ಲಗೆ ಹೇಳಿದಳು, "ಮಿಸ್, ಅವನು ಬರಲ್ಲ ಅಂತ ಅವಳಿಗೆ ಭಯ ಅಲ್ವಾ?" ಹಾಡಿನಲ್ಲಿ ಆಕೆ ಕರೆಯುತ್ತಿರುವುದೂ ಅದನ್ನೇ, ಈಗಲಾದರೂ ಬಾ ಅಂತ! ನೋಡಿ, ಅಭಿನಯ ಅಂದರೆ ಇದು. ಮುಖ ನೋಡಿ ಅಂತ ನಾನು ಸುಮ್ನೆ ಹೇಳುವುದಿಲ್ಲ.

ಗಾಜಿನ ಆಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. ಬೇಗ ಹೇಳಿಬಿಡುತ್ತೇನೆ.

ಮೈ ತೋರಿಸುವ ಬಟ್ಟೆ ಅಂತೀರಲ್ಲ, ಅದರೊಳಗೆ ಮೈಬಣ್ಣದ್ದೇ ಒಂದು ತೆಳು ಬಟ್ಟೆ ಇರುತ್ತಿತ್ತು. ನಿಮಗೆ ಕಂಡದ್ದು ಬಟ್ಟೆಯೇ. ಪಾತ್ರಗಳ ವಿಷಯಕ್ಕೆ ಬಂದರೆ ಪಾಪ ಅನಿಸುತ್ತದೆ. ನಾಯಕಿ ಒಳ್ಳೆಯವಳು, ಹೆಲೆನ್ ಕ್ಲಬ್ಬಿನವಳು, ಆದ್ದರಿಂದ ಸಾಯಬೇಕು. 1965ರ ಗುಮ್‌ನಾಮ್‌ನಲ್ಲೂ ಸತ್ತಳು, ಮರುವರ್ಷ ತೀಸ್ರಿ ಮಂಜಿಲ್‌ನಲ್ಲೂ ಸತ್ತಳು. ನಮ್ಮ ರಾಮನಗರದ ಬಂಡೆಗಳನ್ನು ದೇಶಕ್ಕೇ ತೋರಿಸಿದ ಶೋಲೆಯಲ್ಲಿ ಇರುವುದು ಒಂದೇ ಹಾಡಿಗೆ, ಆದರೂ ಮರೆತವರುಂಟೇ? ಫಿಲ್ಮ್‌ಫೇರ್ ಪ್ರಶಸ್ತಿ ಸಿಕ್ಕಿದ್ದು 1979ರ ಲಹೂ ಕೇ ದೋ ರಂಗ್ ಚಿತ್ರದ ನಟನೆಗೆ, ಪದ್ಮಶ್ರೀ 2009ರಲ್ಲಿ. ಜಾಸ್ತಿ ತಡವಾಯಿತು ಅಂತ ನನ್ನ ಅಭಿಪ್ರಾಯ.

ಇವತ್ತು ರಾತ್ರಿ ಊಟ ಆದ ಮೇಲೆ 'ಚಿನ್ ಚಿನ್ ಚೂ' ಹಾಕಿ, ಕೆಳಗಿನ ಅರ್ಧ ಮುಚ್ಚಿ, ಮುಖ ನೋಡಿ. ಪೇಪರ್‌ಗೆ ಮಾತ್ರ ಗೋಂದು ಹಚ್ಚಬೇಡಿ. ನಮ್ಮ ಟಿವಿ ಮೇಲೆ ಇನ್ನೂ ಕಲೆ ಇದೆ.

ನಮಸ್ಕಾರ.