ಜೊತೆಗಾಗಿ ಕಾಯುತ್ತಿರುವ ಗಿಡ

ಕೇಳುಗರೇ, ನಮಸ್ಕಾರ.

ಲಂಡನ್ನಿನ ಕ್ಯೂ ಸಸ್ಯೋದ್ಯಾನ ಮುನ್ನೂರು ಎಕರೆಗಿಂತ ಜಾಸ್ತಿ ಇದೆ. ಒಂದೇ ದಿನದಲ್ಲಿ ಎಲ್ಲವನ್ನೂ ನೋಡಿ ಮುಗಿಸುತ್ತೇನೆ ಅಂದರೆ ಆಗದ ಮಾತು. ನಾನು ಹೆಚ್ಚು ಹೊತ್ತು ಕಳೆದದ್ದು ಎರಡೇ ಗಿಡಗಳ ಹತ್ತಿರ.

ಒಂದು, ಪಾಮ್ ಹೌಸ್‌ನಲ್ಲಿದೆ. 1848ರಲ್ಲಿ ಕಟ್ಟಿ ಮುಗಿಸಿದ ಕಬ್ಬಿಣ, ಗಾಜಿನ ಮನೆ ಅದು. ಬಾಗಿಲು ತೆಗೆದರೆ ಬಿಸಿ ಹಬೆ ಮುಖಕ್ಕೆ ಬಡಿಯುತ್ತದೆ. ಒಳಗೆ ದೊಡ್ಡ ಕುಂಡದಲ್ಲಿ ಒಂದು ಸೈಕಾಡ್. ನೋಡಿದರೆ ತಾಳೆಮರ ಅನ್ನಿಸುತ್ತದೆ, ಆದರೆ ಅಲ್ಲ. ಭೂಮಿಯ ಮೇಲೆ ಹೂವೇ ಇಲ್ಲದಿದ್ದ ಕಾಲದಿಂದ ಬಂದ ಕುಲ. ಫ್ರಾನ್ಸಿಸ್ ಮ್ಯಾಸನ್ ಎಂಬ ತೋಟಗಾರ ದಕ್ಷಿಣ ಆಫ್ರಿಕಾದಲ್ಲಿ ಹುಡುಕಿದ ಈ ಗಿಡ 1775ರಲ್ಲಿ ಕ್ಯೂ ಸೇರಿತು. ಹಡಗಿನಲ್ಲಿ ಎಷ್ಟೋ ಸಸಿಗಳು ಉಪ್ಪುಗಾಳಿಗೆ ಸಿಕ್ಕಿ ದಾರಿಯಲ್ಲೇ ಸಾಯುತ್ತಿದ್ದ ಕಾಲ. ಇದು ಬದುಕಿತು. ಈಗ ಒಂದು ಟನ್‌ಗಿಂತ ಜಾಸ್ತಿ ತೂಗುತ್ತದೆ. ವಾಲಿದ ಕಾಂಡಕ್ಕೆ ಊರುಗೋಲು ಕೊಟ್ಟಿದ್ದಾರೆ.

ಸೈಕಾಡ್‌ಗಳಲ್ಲಿ ಹೂವಿನ ಬದಲು ದಪ್ಪ ತೆನೆಯಂಥದ್ದು ಬರುತ್ತದೆ. ಕ್ಯೂನಲ್ಲಿ ಈ ಗಿಡ ತೆನೆ ಬಿಟ್ಟದ್ದು ಒಂದೇ ಸಲ, 1819ರಲ್ಲಿ. ಮ್ಯಾಸನ್‌ನನ್ನು ಕಳಿಸಿದ್ದ ಸಸ್ಯತಜ್ಞ ಜೋಸೆಫ್ ಬ್ಯಾಂಕ್ಸ್ ಆಗ ಮುದುಕರು. ಆದರೂ ನೋಡಲು ಬಂದಿದ್ದರು. ಮರುವರ್ಷ ತೀರಿಕೊಂಡರು.

ಇನ್ನೊಂದು ಗಿಡ ಕ್ಯೂನದೇ ಇನ್ನೊಂದು ಗಾಜಿನ ಮನೆ, ಟೆಂಪರೇಟ್ ಹೌಸ್‌ನಲ್ಲಿದೆ. ಇದೂ ಸೈಕಾಡ್, ಹೆಸರು ಎನ್ಸೆಫಲಾರ್ಟಸ್ ವುಡಿಐ. ಇದರ ಮುಂದೆ ನನಗೆ ಮಾತೇ ಹೊರಡಲಿಲ್ಲ.

1895ರಲ್ಲಿ ಜಾನ್ ಮೆಡ್ಲಿ ವುಡ್ ಎಂಬ ಸಸ್ಯತಜ್ಞರಿಗೆ ದಕ್ಷಿಣ ಆಫ್ರಿಕಾದ ಎನ್ಗೋಯೆ ಕಾಡಿನ ಇಳಿಜಾರಿನಲ್ಲಿ ಇದರ ಒಂದೇ ಒಂದು ಗುಂಪು ಕಂಡಿತು. ಅಷ್ಟೇ. ಆಮೇಲೆ ಯಾರಿಗೂ ಇನ್ನೊಂದು ಸಿಕ್ಕಿಲ್ಲ. ಸೈಕಾಡ್‌ಗಳಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಪಪ್ಪಾಯಿ ನೆಟ್ಟವರಿಗೆ ಇದು ಗೊತ್ತು, ಅಲ್ವಾ? ವುಡ್ ಕಂಡದ್ದು ಗಂಡು. ಕ್ಯೂಗೆ 1899ರಲ್ಲಿ ಬಂದ ಗಿಡವೂ ಅದರದೇ ತುಣುಕು. ಇಂದು ಜಗತ್ತಿನ ತೋಟಗಳಲ್ಲಿರುವ ಇದರ ಗಿಡಗಳೆಲ್ಲ ಬಾಳೆಯ ಕಂದಿನ ಹಾಗೆ ಬುಡದಿಂದ ಬಿಡಿಸಿ ನೆಟ್ಟವು. ಎಲ್ಲವೂ ಗಂಡೇ. ಬೀಜ ಕಟ್ಟುವ ದಾರಿಯೇ ಇಲ್ಲ.

ಕಾಡಿನಲ್ಲಿ ಉಳಿದಿದ್ದ ಕೊನೆಯ ಕಾಂಡವನ್ನೂ 1916ರಲ್ಲಿ ಕಿತ್ತು ಸಾಗಿಸಿದರು. ಈಗ ಅದಕ್ಕೆ ತನ್ನ ಊರೇ ಇಲ್ಲ, ತೋಟಗಳಷ್ಟೇ ಮನೆ. ತಂದು ಸಾಕದೆ ಇದ್ದಿದ್ದರೆ ಈ ಗಿಡವನ್ನು ಇಂದು ಯಾರೂ ನೋಡುತ್ತಿರಲಿಲ್ಲ. ಆದರೂ ಗಾಜಿನ ಮನೆಯಲ್ಲಿ ಒಂಟಿಯಾಗಿ ನಿಂತ ಅದನ್ನು ನೋಡಿ ನನಗೆ ಸಂಕಟವಾಯಿತು.

ನೆಟ್ಟು ನೂರು ವರ್ಷ ದಾಟಿದ ಮೇಲೆ, 2004ರಲ್ಲಿ, ಕ್ಯೂನಲ್ಲಿ ಅದು ಮೊದಲ ಸಲ ತೆನೆ ಬಿಟ್ಟಿತು. ಆ ಕಾಡಿನ ಮೇಲೆ ಈಚೆಗೆ ಡ್ರೋನ್ ಹಾರಿಸಿ ಹೆಣ್ಣು ಗಿಡಕ್ಕಾಗಿ ಹುಡುಕಿದ್ದಾರೆ. ಇನ್ನೂ ಸಿಕ್ಕಿಲ್ಲ.

ನಮಸ್ಕಾರ.