ಅಂಟುವಾಳದ ನೊರೆ ಮತ್ತು ಅದರ ಬಳಗ

ಕೇಳುಗರಿಗೆಲ್ಲ ನಮಸ್ಕಾರ.

ಮದುವೆ ಮುಂಜಿ ಮುಗಿದ ಮೇಲೆ ರೇಷ್ಮೆ ಸೀರೆ ಒಗೆಯುವುದು ಹೇಗೆ ಅಂತ ಮನೆಯ ಹಿರಿಯರನ್ನು ಕೇಳಿ ನೋಡಿ. ಸೋಪಿನ ಪುಡಿ ಸೋಕಿಸಬೇಡ, ನಾಲ್ಕು ಅಂಟುವಾಳ ನೆನೆಹಾಕು ಅನ್ನುತ್ತಾರೆ. ಕೆಲವು ಕಡೆ ಇದು ಅಂಟಲಕಾಯಿ, ಇನ್ನು ಕೆಲವು ಕಡೆ ನೊರೆಕಾಯಿ. ಗ್ರಂಧಿಗೆ ಅಂಗಡಿಯಲ್ಲಿ ಸೀಗೆಕಾಯಿಯ ಪಕ್ಕದಲ್ಲೇ ಇರುತ್ತದೆ. ಹಾಗಾಗಿ ಎರಡೂ ಒಂದೇ ಜಾತಿ ಎಂದುಕೊಂಡವರು ಬಹಳ. ಸೀಗೆ ಎಂಬುದು ಹುಣಸೆ, ಜಾಲಿಗಳ ಕಡೆಯ ಮುಳ್ಳುಬಳ್ಳಿ. ಅಂಟುವಾಳದ ಮನೆತನವೇ ಬೇರೆ. ಸಸ್ಯಶಾಸ್ತ್ರದಲ್ಲಿ ಅದಕ್ಕೆ ಸಪಿಂಡೇಸಿ ಕುಟುಂಬ ಎನ್ನುತ್ತಾರೆ. ಸುಮಾರು 140 ಕುಲಗಳು, 1,900ರಷ್ಟು ಪ್ರಭೇದಗಳು ಅದರಲ್ಲಿವೆ. ಲಿಚಿ, ರಂಬುಟಾನ್ ಅದರವೇ. ಚಳಿದೇಶಗಳ ಮೇಪಲ್ ಮರಗಳನ್ನೂ ಈಗ ಇದೇ ಕುಟುಂಬಕ್ಕೆ ಸೇರಿಸಿದ್ದಾರೆ.

ಮೊದಲು ಅಂಟುವಾಳವನ್ನೇ ನೋಡೋಣ. ಒಣಗಿದ ಕಾಯಿ ಕಂದು ಬಣ್ಣ, ಮೈಯೆಲ್ಲ ಸುಕ್ಕು, ಮುಟ್ಟಿದರೆ ಸ್ವಲ್ಪ ಅಂಟಂಟು. ನಮ್ಮ ಕಡೆಯ ಮರದಲ್ಲಿ ಎರಡು ಮೂರು ಕಾಯಿಗಳು ಬೆನ್ನಿಗೆ ಬೆನ್ನು ಅಂಟಿಕೊಂಡೇ ಬೆಳೆಯುತ್ತವೆ. ಹಿಮಾಲಯದ ಅಡಿಯ ಊರುಗಳಲ್ಲಿ ಸಿಗುವ ಗುಂಡನೆಯ ಕಾಯಿ ಇದರ ದಾಯಾದಿ. ಒಡೆದರೆ ಒಳಗೆ ನುಣುಪಾದ ಕರಿ ಬೀಜ. ಬೀಜದಿಂದ ನೊರೆ ಬರುವುದಿಲ್ಲ, ಇರುವುದೆಲ್ಲ ಸಿಪ್ಪೆಯಲ್ಲೇ. ಬೀಜ ತೆಗೆದು, ಸಿಪ್ಪೆಯನ್ನು ಉಗುರುಬೆಚ್ಚಗಿನ ನೀರಲ್ಲಿ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಕಿವುಚಿ ಸೋಸಿದರೆ ಕೆಲಸ ಮುಗಿಯಿತು. ಕುಟ್ಟಿ ಪುಡಿ ಮಾಡುವವರು ಮಾತ್ರ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಸೀನು ಶುರುವಾದರೆ ನಿಲ್ಲುವುದಿಲ್ಲ.

ನೊರೆ ಬರಿಸುವ ವಸ್ತುವಿಗೆ ಸ್ಯಾಪೊನಿನ್ ಎಂದು ಹೆಸರು. ಅದರ ಕಣದ ಒಂದು ತುದಿಗೆ ನೀರು ಇಷ್ಟ, ಇನ್ನೊಂದು ತುದಿಗೆ ಎಣ್ಣೆ ಇಷ್ಟ. ಎಣ್ಣೆಯ ಕಡೆಯ ತುದಿ ಜಿಡ್ಡನ್ನು ಹಿಡಿಯುತ್ತದೆ, ನೀರಿನ ಕಡೆಯ ತುದಿ ಅದನ್ನು ಎಳೆದುಕೊಂಡು ಹೋಗುತ್ತದೆ. ಸೋಪು ಮಾಡುವುದೂ ಇದೇ ಕೆಲಸವನ್ನು. ಆದರೆ ಸೋಪಿಗೆ ಕ್ಷಾರದ ಗುಣ, ರೇಷ್ಮೆ ಎಳೆಗೆ ಕ್ಷಾರ ಆಗಿಬರುವುದಿಲ್ಲ; ಹೊಳಪು ಹೋಗುತ್ತದೆ, ಎಳೆ ಒರಟಾಗುತ್ತದೆ. ಅಂಟುವಾಳದ ನೀರು ತುಸು ಹುಳಿಯ ಕಡೆಯದು. ಇನ್ನೊಂದು ಲಾಭವೂ ಉಂಟು. ಕೋಲಾರ, ತುಮಕೂರು ಕಡೆಯ ಎಷ್ಟೋ ಕೊಳವೆಬಾವಿಗಳ ನೀರು ಗಡುಸು. ಆ ನೀರಲ್ಲಿ ಸೋಪು ಉಜ್ಜಿದರೆ ನೊರೆಯ ಬದಲು ಬಿಳಿಯ ಗಸಿ ಏಳುತ್ತದೆ. ಅಂಟುವಾಳ ಹಾಗೆ ಒಡೆಯುವುದಿಲ್ಲ. ಸೋಪಿನಷ್ಟು ದಪ್ಪ ನೊರೆ ಬರುವುದಿಲ್ಲ ಎನ್ನುವ ದೂರಿದೆ, ನಿಜ. ನೊರೆ ಹೆಚ್ಚಿದ್ದರೆ ಕೊಳೆ ಹೆಚ್ಚು ಹೋಗುತ್ತದೆ ಎಂದು ನಮಗೆ ಹೇಳಿಕೊಟ್ಟದ್ದು ಜಾಹೀರಾತುಗಳು.

ಇದು ಅಕ್ಕಸಾಲಿಗರಿಗೂ ಚೆನ್ನಾಗಿ ಗೊತ್ತು. ಅಂಟುವಾಳದ ನೀರಲ್ಲಿ ಒಡವೆ ಅದ್ದಿ, ಮೆತ್ತನೆಯ ಬ್ರಶ್ಶಿನಿಂದ ಉಜ್ಜುತ್ತಾರೆ. ಓಲೆಯ ಹಿಂಬದಿಯ ಸಂದಿನಲ್ಲಿ ಕೂತ ಎಣ್ಣೆ, ಬೆವರು, ಅರಿಶಿನ ಎಲ್ಲ ಬಿಟ್ಟುಕೊಂಡು, ತಟ್ಟೆಯ ನೀರು ಕದಡುವುದನ್ನು ನೋಡಬೇಕು.

ಆದರೆ ನಮ್ಮ ಸೀರೆ, ಒಡವೆ, ಕೂದಲಿಗೆಂದು ಮರ ಈ ನೊರೆಯನ್ನು ಹುಟ್ಟಿಸಿಲ್ಲ. ಅದು ಹುಳಹುಪ್ಪಟೆ, ಬೂಷ್ಟುಗಳನ್ನು ದೂರ ಇಡಲು ಮರ ಇಟ್ಟುಕೊಂಡ ಕಾವಲು. ಕಣ್ಣಿಗೆ ಒಂದು ಹನಿ ಸಿಡಿದರೆ ಆ ಉರಿ ನಮಗೂ ಗೊತ್ತಾಗುತ್ತದೆ. ಹಿಂದೆ ಹಳ್ಳದ ಮಡುವಿಗೆ ಈ ಕಾಯಿ ಜಜ್ಜಿ ಹಾಕಿ ಮೀನು ಹಿಡಿಯುತ್ತಿದ್ದರು. ಸ್ಯಾಪೊನಿನ್ ಕಿವಿರುಗಳನ್ನು ಕೆಡಿಸುತ್ತದೆ, ಮೀನು ಉಸಿರುಗಟ್ಟಿ ಮೇಲೆ ತೇಲುತ್ತದೆ. ಗಿಡದ್ದು ತಾನೇ, ಏನೂ ಆಗುವುದಿಲ್ಲ ಎಂದು ಒಗೆದ ನೀರನ್ನು ಕೆರೆಗೋ ಮೀನಿನ ತೊಟ್ಟಿಗೋ ಸುರಿಯುವವರು ಇದನ್ನು ನೆನಪಿಡಬೇಕು.

ಈ ಬಳಗದ ತುಂಬ ಇಂಥ ಕಾವಲುಗಳೇ. ಚಿತ್ರದುರ್ಗದ ಕಲ್ಲುಗುಡ್ಡಗಳಲ್ಲಿ ಬಂದರಿಕೆ ಎಂಬ ಪೊದೆ ಇದೆ. ಎಲೆಯ ಮೇಲೆ ಅಂಟಂಟು ಹೊಳಪು, ಕಾಯಿಗೆ ಕಾಗದದಷ್ಟು ತೆಳುವಾದ ಕೆಂಪು ರೆಕ್ಕೆ. ದನ ಅದನ್ನು ಮೇಯುವುದಿಲ್ಲ. ಆಡೂ ಬೇರೆ ಸೊಪ್ಪು ಸಿಕ್ಕಿದರೆ ಅದರ ಗೋಜಿಗೆ ಹೋಗುವುದಿಲ್ಲ. ಆದ್ದರಿಂದಲೇ ಮೇದು ಬೋಳಾದ ಗುಡ್ಡದಲ್ಲೂ ಅದು ಹಸಿರಾಗಿ ಉಳಿದಿರುತ್ತದೆ. ಕಾಡಿನಲ್ಲಿ ಸಾಗಡೆ ಮರ ಇದೆ. ಮಾರ್ಚ್ ಹೊತ್ತಿಗೆ ಅದರ ಚಿಗುರು ಕೆಂಪಗೆ ಉರಿಯುವಾಗ ಹೂವೇ ಬಿಟ್ಟಿದೆ ಅನ್ನಿಸುತ್ತದೆ. ಹಣ್ಣಿನ ಹುಳಿ ತಿರುಳನ್ನು ಮಕ್ಕಳು ಚೀಪುತ್ತಾರೆ. ಬೀಜದ ಎಣ್ಣೆಯಲ್ಲಿ ಸಯನೈಡ್ ಬಿಡುವ ಅಂಶವಿದೆ. ಜಾರ್ಖಂಡಿನಲ್ಲಿ ಇದೇ ಮರಕ್ಕೆ ಕುಸುಮ್ ಎನ್ನುತ್ತಾರೆ. ಇದರ ಮೇಲೆ ಸಾಕಿದ ಅರಗಿನ ಹುಳು ಕೊಡುವ ಅರಗಿಗೆ ಒಳ್ಳೆಯ ಬೆಲೆ.

ಇನ್ನು ಲಿಚಿ. ಇಷ್ಟು ಸಿಹಿ ಹಣ್ಣಿನಲ್ಲಿ ಏನಿದ್ದೀತು ಅನ್ನಿಸಬಹುದು. ಬಿಹಾರದ ಮುಜಫರ್‌ಪುರದಲ್ಲಿ ಲಿಚಿ ಹಣ್ಣಾಗುವ ಕಾಲಕ್ಕೆ ಸರಿಯಾಗಿ ಪುಟ್ಟ ಮಕ್ಕಳಿಗೆ ಬೆಳಗಿನ ಜಾವ ಸೆಳವು ಬಂದು, ಪ್ರಜ್ಞೆ ತಪ್ಪಿ, ಎಷ್ಟೋ ಮಕ್ಕಳು ತೀರಿಕೊಳ್ಳುತ್ತಿದ್ದರು. ಸೋಂಕು ಇರಬಹುದೆಂದು ವರ್ಷಗಟ್ಟಲೆ ಹುಡುಕಿದರು, ಕೀಟನಾಶಕದ ಮೇಲೂ ಅನುಮಾನವಿತ್ತು. 2014ರಲ್ಲಿ ಭಾರತ ಮತ್ತು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಗಳು ಒಟ್ಟಾಗಿ ನಡೆಸಿದ ತನಿಖೆಯ ವರದಿ 2017ರಲ್ಲಿ ಪ್ರಕಟವಾಯಿತು. ಲಿಚಿಯಲ್ಲಿರುವ ಹೈಪೊಗ್ಲೈಸಿನ್ ಮತ್ತು ಅದರಂಥದೇ ಇನ್ನೊಂದು ವಸ್ತುವಿನ ಕುರುಹು ಮಕ್ಕಳ ಮೂತ್ರದಲ್ಲಿ ಸಿಕ್ಕಿತ್ತು. ಹಸಿದಾಗ ದೇಹ ಕೊಬ್ಬನ್ನು ಕರಗಿಸಿ, ಹೊಸದಾಗಿ ಸಕ್ಕರೆ ಮಾಡಿಕೊಂಡು ಬದುಕುತ್ತದೆ. ಈ ವಸ್ತುಗಳು ಆ ದಾರಿಯನ್ನೇ ಮುಚ್ಚುತ್ತವೆ. ಹಗಲೆಲ್ಲ ತೋಟದಲ್ಲಿ ಬಿದ್ದ ಹಣ್ಣು ತಿಂದು, ರಾತ್ರಿ ಊಟವಿಲ್ಲದೆ ಮಲಗಿದ ಬಡಮಕ್ಕಳ ರಕ್ತದಲ್ಲಿ ಬೆಳಗಾಗುವಷ್ಟರಲ್ಲಿ ಸಕ್ಕರೆ ಇಳಿದುಹೋಗುತ್ತಿತ್ತು. ಮಕ್ಕಳನ್ನು ಉಪವಾಸ ಮಲಗಿಸಬೇಡಿ, ಲಿಚಿ ಮಿತವಾಗಿ ಕೊಡಿ ಎಂಬುದೇ ತಜ್ಞರು ಕೊಟ್ಟ ಸಲಹೆ. ಹೊಟ್ಟೆ ತುಂಬ ಉಂಡವರು ಲಿಚಿಗೆ ಹೆದರಬೇಕಾಗಿಲ್ಲ. ನನ್ನನ್ನು ಕೇಳಿದರೆ ಅಲ್ಲಿ ಹಣ್ಣಿನ ತಪ್ಪಿಗಿಂತ ಖಾಲಿ ತಟ್ಟೆಯ ತಪ್ಪೇ ದೊಡ್ಡದು.

ಜಮೈಕಾ ದ್ವೀಪದ ರಾಷ್ಟ್ರೀಯ ಹಣ್ಣು ಆಕೀ. ಅದೂ ಇದೇ ಬಳಗದ್ದು, ಅದರಲ್ಲೂ ಇದೇ ಹೈಪೊಗ್ಲೈಸಿನ್. ಕಾಯಿ ಮರದಲ್ಲಿ ತಾನಾಗಿ ಬಾಯಿ ಬಿಡುವವರೆಗೆ ಅಲ್ಲಿಯವರು ಕಾಯುತ್ತಾರೆ. ಆಮೇಲೆ ತಿರುಳನ್ನು ಬೇಯಿಸಿ, ಉಪ್ಪುಮೀನಿನ ಜೊತೆ ತಿನ್ನುತ್ತಾರೆ.

ಅಂಟುವಾಳ ಬಳಸುವವರು ಬೀಜ ಎಸೆಯಬೇಡಿ. ಅದರ ಸಿಪ್ಪೆ ಬಹಳ ಗಟ್ಟಿ. ಹಾಗೇ ಹೂತರೆ ಮೊಳಕೆ ತಡ. ಒಂದು ಮಗ್ಗುಲನ್ನು ಒರಟು ನೆಲಕ್ಕೆ ಉಜ್ಜಿ, ಒಂದು ದಿನ ನೀರಲ್ಲಿ ನೆನೆಸಿ, ಮಳೆಗಾಲದ ಮೊದಲಿಗೆ ಚೀಲದಲ್ಲಿ ಹಾಕಿ. ಕಾಯಿ ಬಿಡಲು ಹಲವು ವರ್ಷ ಬೇಕು, ಅವಸರದವರಿಗೆ ಹೇಳಿದ ಮರವಲ್ಲ. ಬದುವಿನ ಮೇಲಾದರೆ ಒಳ್ಳೆಯದು. ಕೃಷಿಹೊಂಡದಲ್ಲಿ ಮೀನು ಸಾಕುವವರು ಮಾತ್ರ ಹೊಂಡದ ದಂಡೆಯಿಂದ ದೂರ ನೆಡಿ, ಕಾಯಿ ಉದುರುವ ಜಾಗ ನೋಡಿಕೊಂಡು.

ನಮಸ್ಕಾರ.