ಪೇಪರ್ ಓದುವ ಹುಡುಗಿಗೆ ಸೀರೆ ಯಾಕ್ರಿ?

ಕೇಳುಗರಿಗೆ ನಮಸ್ಕಾರ.

ಬಾಗಲಕೋಟೆ ಕಡೆಯ ಒಂದು ಡಿಗ್ರಿ ಕಾಲೇಜಿನಲ್ಲಿ ನಾನು ಪಾಠ ಮಾಡುತ್ತೇನೆ. ಅಡ್ಮಿಷನ್ ಹೊತ್ತಿಗೆ ಇಳಕಲ್ಲಿನ ನೇಕಾರರೊಬ್ಬರು ಮಗಳ ಜೊತೆ ಬಂದಿದ್ದರು. ವಿಷಯಗಳ ಪಟ್ಟಿ ನೋಡಿ, "ಸರ, ಪತ್ರಿಕೋದ್ಯಮ ಅಂದ್ರ ಪೇಪರಿಗೆ ಬರಿಯೂದು. ಅದರ ಸಂಗಾಟ ಜಾನಪದ ಯಾಕ, ಸಮಾಜಶಾಸ್ತ್ರ ಯಾಕ್ರಿ? ಒಂದ ಕಲೀಲಿ, ನೆಟ್ಟಗ ಕಲೀಲಿ" ಅಂದರು. ನೌಕರಿ ಮಾತೂ ಬಂತು. ಗ್ಯಾರಂಟಿ ಕೊಡೋಕೆ ನನ್ನಿಂದ ಆಗಲ್ಲ ಅಂದೆ. ಸುಳ್ಳು ಹೇಳಿ ಸೀಟು ತುಂಬಿಸೋದು ನನಗೆ ಸೇರದು.

ಆಗ ನಾನು ಹಳಕಟ್ಟಿಯವರ ಹೆಸರು ಹೇಳಬೇಕಿತ್ತು, ನೆನಪಾಗಲಿಲ್ಲ. ವಿಜಯಪುರದ ಫ.ಗು. ಹಳಕಟ್ಟಿ ಓದಿದ್ದು ವಕೀಲಿ. ಮಾಡಿದ್ದು ನೋಡಿ: ಮನೆಮನೆ ಅಲೆದು ವಚನದ ತಾಳೆಗರಿ ಹುಡುಕಿದರು, 1925ರಲ್ಲಿ ಸ್ವಂತ ಛಾಪಖಾನೆ ಹಾಕಿದರು, ಮರುವರ್ಷ 'ಶಿವಾನುಭವ' ಪತ್ರಿಕೆ ಶುರು ಮಾಡಿದರು. ಹಳೇ ಲಿಪಿ ಓದಬೇಕು, ಅಚ್ಚಿನ ಮೊಳೆ ಜೋಡಿಸುವವರ ಜೊತೆ ಏಗಬೇಕು, ಚಂದಾದಾರರನ್ನೂ ಹುಡುಕಬೇಕು. ಇದು ಯಾವ ಡಿಪಾರ್ಟ್‌ಮೆಂಟಿನ ಕೆಲಸ ಅಂತೀರಿ?

ನಮ್ಮಲ್ಲಿ ಕೋರ್ಸು ಬದಲಾಗೋದಕ್ಕೇನೂ ಕಮ್ಮಿ ಇಲ್ಲ. 2021ರಲ್ಲಿ ಡಿಗ್ರಿ ನಾಲ್ಕು ವರ್ಷದ್ದಾಯ್ತು, 2024ರಲ್ಲಿ ಮತ್ತೆ ಮೂರಕ್ಕೆ ಬಂತು. ಆದರೆ ಕನ್ನಡದ ಮೇಷ್ಟ್ರು, ಪತ್ರಿಕೋದ್ಯಮದ ಮೇಷ್ಟ್ರು ಒಟ್ಟಿಗೆ ಕೂತು ಚಾ ಕುಡಿದು ಒಂದು ಪಾಠ ಯೋಚಿಸಿದ್ದು ಎಷ್ಟು ಸಲ? ಹುಡುಗರು ಒಂದೇ ಜಾತ್ರೆ ಬಗ್ಗೆ ಇಬ್ಬರಿಗೂ ಎರಡು ಸಲ ಬರೆದುಕೊಡುತ್ತಾರೆ, ಅಷ್ಟೇ.

ಆ ಹುಡುಗಿ ಸೇರಿದಳು. ಮನೆಯಲ್ಲಿ ದಿನಾ ಕಾಣುವ ಒಂದು ವಸ್ತು ಏನು ಹೇಳುತ್ತೆ, ಬರೆದುಕೊಂಡು ಬನ್ನಿ ಅಂದಿದ್ದೆ. ಅವಳು ಸೆರಗಿನ ಬಗ್ಗೆ ಬರೆದಳು. ಕೆಂಪು ರೇಷ್ಮೆ ಸೆರಗಿನ ಮೇಲೆ ಬಿಳಿ ಜೋಳದ ತೆನೆ, ಹಣಿಗೆಯ ಹಲ್ಲು. ಯಾಕೆ ಹೀಗೆ ಅಂತ ಅಜ್ಜಿಯನ್ನು ಕೇಳಿದರೆ, "ಬರೇ ಸೆರಗಿನ್ಯಾಗ ಉಡಿ ತುಂಬತಾರೇನ?" ಅಂದಳಂತೆ. ಅದೇ ಹಾಳೆಯಲ್ಲಿ ನೂಲಿನ ರೇಟು, ಒಂದು ಸೀರೆಗೆ ಅಪ್ಪನಿಗೆ ಉಳಿಯುವ ದುಡ್ಡು, ಆಮೇಲೆ ವಾಟ್ಸಾಪಿನ ರಗಳೆ. ಗಿಳಿಹಸಿರು ಸೀರೆ ಫೋನಿನ ಫೋಟೋದಲ್ಲಿ ನೀಲಿ ಕಂಡು, ತಗೊಂಡವರು ವಾಪಸ್ ಕಳಿಸಿದ್ದರು. ಈಗ ಬೆಳಗ್ಗೆ ಎಂಟರೊಳಗೆ, ಅಟ್ಟದ ಬಾಗಿಲಲ್ಲಿ ಮಾತ್ರ ಫೋಟೋ ತೆಗೆಯುತ್ತಾಳಂತೆ. ಮಾಧ್ಯಮದ ಪಾಠ ಇದಕ್ಕಿಂತ ಚೆನ್ನಾಗಿ ನಾನು ಹೇಳಿಲ್ಲ, ನಿಜ.

ಸೆರಗು ಸೀರೆಯ ಮೈಗೆ 'ಕೊಂಡಿ'ಯಿಂದ ಕೂಡುತ್ತೆ ಅಂತ ಬರೆದಿದ್ದಳು. ನಾನು ಕೆಂಪು ಪೆನ್ನಲ್ಲಿ ಅದನ್ನು ಹೊಡೆದು 'ಹೊಲಿಗೆ' ಅಂತ ತಿದ್ದಿದೆ.

ವಾರದೊಳಗೆ ಅವರಪ್ಪ ಆ ಹಾಳೆ ಹಿಡಿದು ಸ್ಟಾಫ್ ರೂಮಿಗೆ ಬಂದರು. "ಸರ, ಹೊಲಿಯಂಗಿಲ್ರಿ." ಜೇಬಿನಿಂದ ಒಂದು ಕೆಂಪು ಎಳೆ, ಒಂದು ಹಸಿರು ಎಳೆ ತೆಗೆದು, ಒಂದರ ಕುಣಿಕೆಯೊಳಗೆ ಇನ್ನೊಂದನ್ನು ತೂರಿಸಿ ಮೆಲ್ಲಗೆ ಜಗ್ಗಿದರು. "ಮಗ್ಗಕ್ಕ ಏರೂಕಿಂತ ಮೊದಲ ಹಿಂಗ ಎಳಿಗೆ ಎಳಿ. ಒಂದೊಂದ್ ಸೀರಿಗೂ ಹಿಂಗ." ಪಕ್ಕದ ಟೇಬಲ್ಲಿನ ಎಕನಾಮಿಕ್ಸ್ ಮೇಷ್ಟ್ರು ಎದ್ದು ಬಂದು, ಇನ್ನೊಂದ್ಸಲ ತೋರಿಸ್ರಿ ಅಂದರು.